ಬಳೆಯೊಳಗಿನ ರಬ್ಬರ್

ಒತ್ತಿದರೆ ರಬ್ಬರ್ ಸಣ್ಣದಾಗುವುದಿಲ್ಲ ಮಾರಾಯ, ಬದಿಗೆ ಉಬ್ಬುತ್ತದೆ ಎಂದೋ ಏನೋ ನೀನು ಹೇಳಿದ್ದೆ, ಧರ್ಮಪಾಲ. ನಾವಿಬ್ಬರೂ ಯಂತ್ರಗಳಿಗೆ ರಬ್ಬರ್ ಪ್ಯಾಡ್ ಮಾಡುತ್ತಿದ್ದ ಕಾಪುವಿನ ಶೆಡ್ಡಿನಲ್ಲಿ ನಾನು ನಕ್ಷೆ ಬಿಡಿಸುತ್ತಿದ್ದೆ, ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಈಗ ಐವತ್ತೆರಡನೆಯ ವಯಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಕಂಪ್ಯೂಟರಿನಲ್ಲಿ ಅದನ್ನೇ ಕಲಿಯುತ್ತಿದ್ದೇನೆ. ವಸ್ತುವನ್ನು ಸಾವಿರಾರು ಸಣ್ಣ ತುಂಡುಗಳೆಂದು ಭಾವಿಸಿ, ಭಾರ ಬಿದ್ದಾಗ ಪ್ರತಿ ತುಂಡೂ ಎಷ್ಟು ಸರಿಯುತ್ತದೆಂದು ಲೆಕ್ಕ ಹಾಕುವ ವಿಧಾನ. ಇವತ್ತು ಅಭ್ಯಾಸಕ್ಕೆ ಕಾರ್ಕಳದ ಜಲ್ಲಿ ಕ್ರಷರಿನಡಿ ಅದರ ಅದುರು ಹೀರಲೆಂದು ನಾವು ಕೂರಿಸಿದ್ದ ಪ್ಯಾಡನ್ನೇ ತೆಗೆದುಕೊಂಡೆ. ಅದರ ರಬ್ಬರ್ ನೀನು ಬೆರೆಸಿದ್ದು. ತೆರೆಯ ಮೇಲೆ ಅದು ನಾಲ್ಕು ಮಿಲಿಮೀಟರ್ ತಗ್ಗಿತು. ಅಷ್ಟೇ ತಗ್ಗಬೇಕಿತ್ತು.

"ಸರ್, ಇದರ ಸುತ್ತ ಎಂತ ಉಂಟು?" ಕಲಿಸುವ ಹುಡುಗಿ ಚೈತಾಲಿ ಕೇಳಿದಳು.

"ಕಬ್ಬಿಣದ ಬಳೆ. ಭದ್ರವಾಗಿರಲಿ ಅಂತ ನಾನೇ ಸೇರಿಸಿದ್ದು."

"ಲೆಕ್ಕದಲ್ಲಿ ಅದನ್ನು ಬಿಟ್ಟರೆ ಹೇಗೆ? ಹಾಕಿ ನೋಡಿ."

ಹಾಕಿದೆ. ಪ್ಯಾಡ್ ಕೂದಲೆಳೆಯಷ್ಟೂ ತಗ್ಗಲಿಲ್ಲ.

"ಉಬ್ಬಲಿಕ್ಕೆ ಜಾಗವೇ ಇಲ್ಲ ಅಲ್ವಾ? ಇದು ರಬ್ಬರ್ ಅಲ್ಲ ಸರ್, ಕಲ್ಲು! ಅಡಿಯ ಕಾಂಕ್ರೀಟ್ ಒಡೆಯಲಿಲ್ವಾ?" ಎಂದು ನಕ್ಕಳು.

ಒಡೆದಿತ್ತು. ಕಂಪ್ಯೂಟರ್ ಮುಚ್ಚಿ ಬಸ್ ಹತ್ತಿದೆ.

ಇದನ್ನು ನಾನು ಹೇಳಬೇಕಾದದ್ದು ನಿನಗೊಬ್ಬನಿಗೇ. ನೀನು ತೀರಿಹೋಗಿ ಎರಡು ವರ್ಷ.

ಅಂದು ಆ ಬಿರುಕಿನ ಮುಂದೆ ನಿಂತು ನಾನು ಕ್ರಷರಿನ ಯಜಮಾನರಿಗೆ, "ಇವನ ರಬ್ಬರ್ ಸರಿ ಇಲ್ಲ" ಎಂದೆ. ನೀನು ಕೈ ಒರೆಸಿಕೊಂಡು ಬೈಕ್ ಹತ್ತಿದೆ. ಮತ್ತೆ ಶೆಡ್ಡಿಗೆ ಬರಲಿಲ್ಲ. ತಪ್ಪು ನಾನು ಹಾಕಿದ ಬಳೆಯದೆಂದು ಆ ಯಜಮಾನರಿಗೆ ಒಂದು ಮಾತು ಯಾಕೆ ಹೇಳಲಿಲ್ಲ ನೀನು?