ಸುನ್ನೆವಾ ಅಜ್ಜಿಗೆ ದಡಾರ ಬಂದಿತ್ತು

ಪ್ರೀತಿಯ ಅಕ್ಕ,

ಫೆರೋ ದ್ವೀಪದಲ್ಲಿ ಕ್ಷೇಮ. ಕೆಮ್ಮು ಬಿಟ್ಟಿದೆ, ಚಿಂತೆ ಬೇಡ. ಬಾಲ್ಯದಲ್ಲಿ ದಡಾರ ಬಂದವರ ರಕ್ತದಲ್ಲಿ ಅದರ ಗುರುತು ಮುಪ್ಪಿನವರೆಗೂ ಉಳಿಯುತ್ತದೆಯೇ ಎಂದು ನೋಡುತ್ತಿದ್ದೇನೆ. ರಕ್ತದ ಟ್ಯೂಬುಗಳು ನಾನು ಉಳಿದುಕೊಂಡಿರುವ ಮನೆಯ ಸುನ್ನೆವಾ ಅಜ್ಜಿಯ ಫ್ರಿಜ್ಜಿನಲ್ಲಿ, ಒಂದು ಕುರಿತಲೆಯ ಪಕ್ಕದಲ್ಲಿದ್ದವು.

“ನಂಗೆ ದಡಾರ ಬಂದೇ ಇಲ್ಲ ಕಣೇ. ಬೇಕಾದ್ರೆ ನಂದೂ ತಗೋ, ರಕ್ತದ ಬದಲು ಬರೀ ಕಾಫಿ ಸಿಗತ್ತೆ” ಎಂದು ಅಜ್ಜಿ ತೋಳು ಚಾಚಿದ್ದರು.

ಅವರ ಅವಳಿ ತಮ್ಮ ಐದು ವರ್ಷಕ್ಕೆ ದಡಾರದಿಂದ ತೀರಿಕೊಂಡನಂತೆ. ‘ಆಗ ನಿನ್ನನ್ನು ಊರಿನ ಆ ತುದಿಯ ಚಿಕ್ಕಮ್ಮನ ಮನೆಗೆ ಸಾಗಿಸಿದ್ದೆವು’ ಎಂದು ತಾಯಿ ಅಜ್ಜಿಗೆ ಹೇಳುತ್ತಿದ್ದರಂತೆ. ಅವನನ್ನು ಒಂಟಿಯಾಗಿ ಬಿಟ್ಟೆನೆಂಬ ಕೊರಗು ಅಜ್ಜಿಗೆ ನಿನ್ನೆಯವರೆಗೂ ಇತ್ತು.

ನಿನ್ನೆ ಕೋಪನ್‌ಹೇಗನ್ನಿನಿಂದ ರಕ್ತಪರೀಕ್ಷೆಯ ಫಲಿತಾಂಶ ಬಂತು. ಅಜ್ಜಿಯ ರಕ್ತದಲ್ಲಿ ಗುರುತು ಸ್ಪಷ್ಟವಾಗಿದೆ. ಅವರು ಲಸಿಕೆ ಹಾಕಿಸಿಕೊಂಡವರಲ್ಲ, ಊರು ಬಿಟ್ಟು ಹೋದವರೂ ಅಲ್ಲ. ಈ ಊರಿಗೆ ದಡಾರ ಬಂದದ್ದು ತಮ್ಮ ತೀರಿಕೊಂಡ ಆ ಒಂದೇ ಸಲ.

ಹೇಳಿದೆ. ಅವರು ಕುರ್ಚಿ ಎಳೆದು ಕೂತರು.

“ಹಾಗಾದ್ರೆ ಅಮ್ಮ ಸುಳ್ಳು ಹೇಳಿದ್ಲಾ?”

“ಅದು ನನಗೆ ಗೊತ್ತಿಲ್ಲ ಅಜ್ಜಿ. ಕಾಯಿಲೆ ನಿಮಗೂ ಬಂದಿತ್ತು, ಅಷ್ಟು ಮಾತ್ರ ಗೊತ್ತು.”

ಅಜ್ಜಿ ಅಂಗೈ ನೋಡಿಕೊಂಡು ಅಂದರು: “ಒಂದೇ ಹಾಸಿಗೇಲಿ ಮಲಗಿದ್ವಿ. ಅವನ ಕೈ ಸುಡ್ತಿತ್ತು, ನಾನು ಹಿಡ್ಕೊಂಡೇ ಇದ್ದೆ. ಇಷ್ಟು ವರ್ಷ ಅದು ಕನಸು ಅಂದ್ಕೊಂಡಿದ್ದೆ.”

ಇವತ್ತು ಬೆಳಿಗ್ಗೆ ಎದ್ದಾಗ ಅಜ್ಜಿ ಮನೆಯಲ್ಲಿರಲಿಲ್ಲ. ಕಿಟಕಿಯಿಂದ ನೋಡಿದರೆ ಚರ್ಚಿನ ಹಿಂದಿನ ಸ್ಮಶಾನದಲ್ಲಿ ಒಂದು ಪುಟ್ಟ ಸಮಾಧಿಯ ಪಕ್ಕ ಒಬ್ಬರೇ ಕೂತು ಮಾತಾಡುತ್ತಿದ್ದರು. ಈ ಅಂಚೆ ಕಾರ್ಡು ತುಂಬಿತು, ಟಪಾಲು ಒಯ್ಯುವ ದೋಣಿಯೂ ಬಂತು.

ನಿನ್ನ ಬೋಡಿಲ್