ಬೆನ್ನ ಹಿಂದಿನ ಕೊಕ್ಕೆ

ಮಂಗಳವಾರ, ಮಧ್ಯಾಹ್ನ
ಅಂಗಡಿಯ ಗೋದಾಮಿನಿಂದ

ರೀ,

ನಾನು ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಫೋನಿನಲ್ಲಾದರೆ ನನ್ನ ದನಿ ಏರುತ್ತದೆ, ಅಕ್ಕನ ಮನೆಯವರೆಲ್ಲ ಕಿವಿ ನಿಮಿರಿಸುತ್ತಾರೆ. ಅದಕ್ಕೇ ಈ ಕಾಗದ.

ಓಡುವಾಗ ಎದೆಬಡಿತ ನೋಡಿಕೊಳ್ಳಲು ಕೈಗೆ ಕಟ್ಟುವ ವಾಚು ಒಳ್ಳೆಯದೋ, ಎದೆಗೆ ಕಟ್ಟುವ ಪಟ್ಟಿ ಒಳ್ಳೆಯದೋ ಎಂದು ಕೇಳಿದಿರಿ. ಮುನಿಸಿಕೊಂಡು ಹೋದ ಹೆಂಡತಿಯನ್ನು ಇಷ್ಟು ತಿಂಗಳ ಮೇಲೆ ನೀವು ಕೇಳಿದ್ದು ಇದನ್ನು. ಇರಲಿ. ಆಟದ ಸಾಮಾನಿನ ಅಂಗಡಿಯಲ್ಲಿ ದಿನವಿಡೀ ಇದನ್ನೇ ಮಾರುವವಳು ನಾನು. ಗಿರಾಕಿ ಕೇಳಿದರೆ ಉತ್ತರ ಕೊಡಲೇಬೇಕು.

ನಿಮ್ಮ ಹೆಗಲುನೋವಿಗೆ ವ್ಯಾಯಾಮ ಹೇಳಿಕೊಡುವ ಆ ಫಿಸಿಯೋ, ವಾಚೇ ಸಾಕು ಅಂದಳಂತೆ. ತನ್ನದನ್ನೇ ಬಿಚ್ಚಿ ನಿಮ್ಮ ಕೈಗೆ ಕಟ್ಟಿದಳಂತೆ. ನಾಲ್ಕು ಹೆಜ್ಜೆ ನಡೆದು ಬರೋಣ ಏಳಿ ಎಂದು ನಾನು ವರ್ಷಗಟ್ಟಲೆ ಗೋಗರೆದಾಗ ಹೊದಿಕೆಯನ್ನು ತಲೆ ಮೇಲೆ ಎಳೆದುಕೊಂಡವರು ನೀವು. ಆ ಜಗಳಕ್ಕೇ ತಾನೆ ನಾನು ಗಂಟುಮೂಟೆ ಕಟ್ಟಿದ್ದು. ಈಗ ಅವಳು ಕಿರುಬೆರಳು ಅಲ್ಲಾಡಿಸಿದರೆ ಪಾರ್ಕನ್ನೆಲ್ಲ ಸುತ್ತಿ ಬರುತ್ತೀರಿ. ನನಗೆ ಹೊಟ್ಟೆ ಉರಿಯುತ್ತಿದೆ. ಸುತ್ತಿ ಬಳಸಿ ಏಕೆ ಹೇಳಲಿ, ಉರಿಯುತ್ತಿದೆ.

ಮೊನ್ನೆ ನೀವು ಫೋನ್ ಮಾಡಿದಾಗ ಹಿಂದಿನಿಂದ ಅವಳು ನಿಮ್ಮನ್ನು ಕರೆದದ್ದು ಕೇಳಿಸಿತು: ‘ರೀ, ಹೊತ್ತಾಯ್ತು’ ಎಂದು. ಎಲ್ರೂ ಎಲ್ರಿಗೂ ಹಾಗೇ ಅಂತಾರೆ ಕಣೇ ಎಂದು ನೀವು ನಕ್ಕಿರಿ. ‘ಬನ್ರೀ’, ‘ಕೂತ್ಕೊಳ್ರೀ’ ಎಂದರೆ ಅದು ಮರ್ಯಾದೆ, ಬಸ್ಸಿನಲ್ಲಿ ಕಾಲು ತುಳಿದವನಿಗೂ ಸಲ್ಲುತ್ತದೆ. ಬರೀ ‘ರೀ’ ಎಂದರೆ ಬೇರೆ. ಅದು ನನ್ನದು. ಮನೆ ಬಿಟ್ಟು ಬಂದೆನೇ ಹೊರತು ಅದನ್ನು ಯಾರಿಗೂ ಬಿಟ್ಟುಕೊಟ್ಟು ಬಂದಿಲ್ಲ.

ನೀವು ಫೋನಿಗೆ ಕಳಿಸಿದ, ಆ ವಾಚು ಬರೆದ ನಕ್ಷೆಯ ಚಿತ್ರ ನೋಡಿದೆ. ಎದೆಬಡಿತದ ಗೆರೆ ತಣ್ಣಗೆ ಸಾಗುತ್ತಿದ್ದದ್ದು, ಅವಳು ಜೊತೆಗೂಡಿದಳೆಂದು ನೀವೇ ಹೇಳಿದ ತಿರುವಿನಲ್ಲಿ ಗೋಡೆಯ ಹಾಗೆ ಎದ್ದು ನಿಂತಿದೆ. ‘ನನ್ನ ಹೃದಯಕ್ಕೆ ಏನಾದರೂ ಆಗಿದೆಯಾ’ ಎಂದು ನನ್ನನ್ನೇ ಕೇಳಿದ್ದೀರಿ. ಆ ಗೆರೆ ನೋಡಿ ನನಗೆ ಅನ್ನ ಸೇರಲಿಲ್ಲ. ಬೇಕೆಂದೇ ಎರಡು ದಿನ ಉತ್ತರ ಕೊಡಲಿಲ್ಲ.

ನಿನ್ನೆ ತಡೆಯಲಾಗದೆ ಅಂಗಡಿಯ ಟ್ರೆಡ್‌ಮಿಲ್ ಹತ್ತಿ, ವಾಚನ್ನೂ ಎದೆಪಟ್ಟಿಯನ್ನೂ ನಾನೇ ಕಟ್ಟಿಕೊಂಡು ಓಡಿದೆ. ವಾಚನ್ನು ಸಡಿಲ ಮಾಡಿದೆನೋ ಇಲ್ಲವೋ, ಅದು ಎದೆಬಡಿತವನ್ನು ಬಿಟ್ಟು ಕಾಲಿನ ಕುಲುಕಾಟವನ್ನು ಎಣಿಸತೊಡಗಿತು. ಗೆರೆ ಮೇಲಕ್ಕೆ ಹಾರಿತು. ಪಟ್ಟಿ ಮಾತ್ರ ಇದ್ದದ್ದನ್ನು ಇದ್ದಂತೆ ತೋರಿಸುತ್ತಿತ್ತು. ನಿಮ್ಮದೂ ಇದೇ ಕಥೆ ಇರಬೇಕು. ವಾಚನ್ನು ಅವಳು ನಿಮ್ಮ ಕೈಗೆ ಸಡಿಲವಾಗಿ ಕಟ್ಟಿದ್ದಾಳೆ, ಅವಳ ಸಮಕ್ಕೆ ಓಡಲು ಹೋಗಿ ನಿಮ್ಮ ಕಾಲು ಚುರುಕಾಗಿದೆ. ಹಾರಿದ್ದು ಕಾಲು, ಎದೆ ಅಲ್ಲ. ಟ್ರೆಡ್‌ಮಿಲ್ ಮೇಲೇ ನಗು ಬಂತು. ತಲೆಗಿಲೆ ಕೆಟ್ಟಿತಾ ಎಂದು ಮ್ಯಾನೇಜರ್ ಕೇಳಿದರು. ಆದರೂ ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ, ಗಂಡಸರ ಧೈರ್ಯ ನನಗೆ ಗೊತ್ತು.

ಆದ್ದರಿಂದ ನಿಮಗೆ ಎದೆಪಟ್ಟಿಯೇ ಸರಿ. ಒಳಗಿನ ಮಗ್ಗುಲನ್ನು ನೀರಿನಲ್ಲಿ ಒದ್ದೆ ಮಾಡಿ ಮೈಗೆ ಅಂಟುವ ಹಾಗೆ ಬಿಗಿಯಬೇಕು. ಅಳತೆ ಬರೆದು ಕಳಿಸುವುದು ಬೇಡ, ನಿಮ್ಮ ಎದೆಯ ಸುತ್ತಳತೆ ನನ್ನ ತೋಳಿಗೆ ಗೊತ್ತಿದೆ. ಒಂದನ್ನು ಆರಿಸಿ ತೆಗೆದಿಟ್ಟಿದ್ದೇನೆ. ಅವಳ ವಾಚನ್ನು ಈ ಕಾಗದ ಓದಿದ ದಿನವೇ ಅವಳಿಗೆ ವಾಪಸ್ ಕೊಡಿ.

ಇತಿ,
ನಿಮ್ಮನ್ನು ‘ರೀ’ ಅನ್ನಬಹುದಾದ ಒಬ್ಬಳೇ ಒಬ್ಬಳು

ತಾ.ಕ.: ಈ ಪಟ್ಟಿಯ ಕೊಕ್ಕೆ ಬೆನ್ನ ಹಿಂದೆ ಬರುತ್ತದೆ. ನಿಮ್ಮ ಹೆಗಲು ಇರುವ ಸ್ಥಿತಿಯಲ್ಲಿ ಕೈ ಅಲ್ಲಿಗೆ ಹೋಗುವುದಿಲ್ಲ. ಅವಳಿಂದ ಹಾಕಿಸಿಕೊಂಡೀರಿ, ಜೋಕೆ. ಅದಕ್ಕೇ ಅಂಚೆಗೆ ಹಾಕುತ್ತಿಲ್ಲ, ಭಾನುವಾರ ನಾನೇ ತರುತ್ತೇನೆ, ಗಂಟುಮೂಟೆ ಸಮೇತ. ಮುಂದೆ ಕೊಕ್ಕೆ ಇರುವ ಪಟ್ಟಿಯೂ ನಮ್ಮಲ್ಲಿತ್ತು. ಅದನ್ನು ಬೇರೆ ಗಿರಾಕಿಗೆ ಮಾರಿಬಿಟ್ಟೆ.