ತಂಡದ ಪಟ್ಟಿ ಬರೆದವನು

ಮಾರ್ಚ್ 12, ಮಂಗಳವಾರ. ಇಸ್ಫರಾ ಪಟ್ಟಣ.

ಬೀದಿಯಲ್ಲಿ ಕಾರಿನ ಸದ್ದಾದಾಗಲೆಲ್ಲ ದೀಪ ಆರಿಸುತ್ತಿದ್ದೇನೆ.

ಮಧ್ಯಾಹ್ನ ಸಫರ್ ಅಣ್ಣನ ಚಹಾದಂಗಡಿಯಲ್ಲಿ ಕೂತು, ತಮಾಷೆಗೆಂದು ನಮ್ಮ ದೇಶದ ಫುಟ್‌ಬಾಲ್ ತಂಡಕ್ಕೆ ನಾವೇ ಇಪ್ಪತ್ಮೂರು ಜನರನ್ನು ಆರಿಸಿದೆವು. ಬರೆದವನು ನಾನು. ರಾಜಧಾನಿಯ ದೊಡ್ಡ ಮನುಷ್ಯರೊಬ್ಬರ ಮಗನ ಹೆಸರು ಬಂದಾಗ ಎಲ್ಲರೂ ಬಾಗಿಲ ಕಡೆ ನೋಡಿದರು. ತಂಡದಲ್ಲಿ ಎರಡು ವರ್ಷ ಆಡಿದರೂ ಅವನು ಒಂದೂ ಗೋಲು ಹೊಡೆದವನಲ್ಲ.

"ಬಿಟ್ಬಿಡೋಣ. ಚೆಂಡೇನೂ ಬೇಜಾರು ಮಾಡ್ಕೊಳಲ್ಲ," ಎಂದೆ.

"ಚೆಂಡಿಗೆ ಅವನ ಪರಿಚಯಾನೇ ಇಲ್ವಲ್ಲ ಮೇಷ್ಟ್ರೇ!" ಎಂದ ಸಫರ್ ಅಣ್ಣ. ನಗುನಗುತ್ತಾ ಪಟ್ಟಿಯನ್ನು ಗೋಡೆಗೆ ಅಂಟಿಸಿದ.

ಸಂಜೆ ಮಫ್ತಿಯಲ್ಲಿದ್ದ ಇಬ್ಬರು ಪೊಲೀಸರು ಬಂದರು. ಚಹಾ ಬೇಡವೆಂದರು. ಒಬ್ಬ ಪಟ್ಟಿ ಕಿತ್ತುಕೊಂಡು, "ಇದು ಯಾರ ಕೈಬರಹ?" ಎಂದ.

ನಾನು ಪಕ್ಕದಲ್ಲೇ ಕೂತಿದ್ದೆ. ಜೇಬಿನಲ್ಲಿದ್ದ ಪೆನ್ನನ್ನು ಒಳಕ್ಕೆ ತಳ್ಳಿದೆ.

"ನಂದೇ ಸಾರ್. ಯಾಕೆ, ಗೋಲ್‌ಕೀಪರ್ ಸರಿ ಇಲ್ವಾ?" ಎಂದ ಸಫರ್ ಅಣ್ಣ.

ಅವನ ಬಲಗೈಯಲ್ಲಿ ಮೂರು ಬೆರಳಿಲ್ಲ. ಸಹಿ ಹಾಕಲೂ ಒದ್ದಾಡುತ್ತಾನೆ.

"ಒಲೆ ನೋಡ್ಕೊಳ್ಳಿ ಮೇಷ್ಟ್ರೇ," ಎಂದು ಅವರ ಕಾರು ಹತ್ತಿದ. ಇನ್ನೂ ಬಂದಿಲ್ಲ.

ಠಾಣೆಯಲ್ಲಿ ಅವನ ಕೈಗೆ ಪೆನ್ನು ಕೊಟ್ಟು ಬರೆಯೆಂದರೆ ಒಂದೇ ಸಾಲಿಗೆ ಸುಳ್ಳು ಬಯಲಾಗುತ್ತದೆ. ಆಮೇಲೆ ಇಲ್ಲಿಗೇ ಬರುತ್ತಾರೆ. ಮೊದಲು ಹೊಳೆದದ್ದು ಇದೇ. ಅವನಿಗೆ ಬೀಳುವ ಏಟುಗಳ ಯೋಚನೆ ಬಂದದ್ದು ಆಮೇಲೆ. ನಾಚಿಕೆಯಾಗುತ್ತದೆ, ಆದರೆ ಹೆದರಿಕೆ ಅದಕ್ಕಿಂತ ದೊಡ್ಡದು.

ಹೆಂಡತಿ ನಿಗೋರಾಳಿಗೆ ಎಲ್ಲ ಹೇಳಿದೆ. ಬೆಳಿಗ್ಗೆ ಹೋಗಿ ನಿಜ ಒಪ್ಪಿಕೊಳ್ಳುತ್ತೇನೆ ಎಂದೆ.

"ಬೆಳಿಗ್ಗೆ ತನಕ ಅವರು ಅಣ್ಣನ್ನ ಸುಮ್ನೆ ಕೂರಿಸಿರ್ತಾರಾ?" ಎಂದಳು.

ಆಗಲೇ ಬೂಟು ಹಾಕಿಕೊಂಡು, ನನ್ನ ಕೋಟು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ನಾನು ಮಾತ್ರ ಇನ್ನೂ ಬರೆಯುತ್ತಲೇ ಇದ್ದೇನೆ. ಸಾಕು, ಹೊರಟೆ.